ನಾಲ್ಕನೇ ಕ್ಯಾಮೆರಾ ಮಾರಿ ಕಾಮೆಂಟೇಟರ್ ಇಟ್ಟ ಕಥೆ

"ಎಂತ ಮಾರಾಯ, ಬಾಯಿಯಲ್ಲಿ ಮಾತಾಡ್ಲಿಕ್ಕೂ ರೇಟಾ?"

ಬಂಟ್ವಾಳದ ಕಡೆಯ ಒಂದು ಕಬಡ್ಡಿ ಸಮಿತಿಯ ಕಾರ್ಯದರ್ಶಿ ಹೀಗೆ ಕೇಳಿ ನಾಲ್ಕು ವರ್ಷ ಆಗಿರಬಹುದು. ಪಂದ್ಯಾಟವನ್ನು ಲೈವ್ ತೋರಿಸುವುದು ನನ್ನ ಕೆಲಸ. ನನ್ನ ಕೊಟೇಶನ್‌ನಲ್ಲಿದ್ದ ನಾಲ್ಕು ಕ್ಯಾಮೆರಾ, ಎಲ್‌ಇಡಿ ವಾಲ್, ಸ್ಕೋರ್ ಗ್ರಾಫಿಕ್ಸ್ ಯಾವುದಕ್ಕೂ ಅವರು ಚಕಾರ ಎತ್ತಲಿಲ್ಲ. "ಲೈವ್ ಕಾಮೆಂಟ್ರಿ 3,000" ಎಂಬ ಸಾಲಿಗೆ ಮಾತ್ರ ಪೆನ್ನಲ್ಲಿ ಗೀಟು ಎಳೆದರು. ಕಳೆದ ಸೀಸನ್‌ನಲ್ಲಿ ಅದೇ ಸಮಿತಿಯಿಂದ ಫೋನ್ ಬಂತು: "ಕ್ಯಾಮೆರಾ ಎರಡಾದ್ರೂ ಸಾಕು, ಆ ಜನ ಬರಬೇಕು." ಆ ಫೋನ್ ಬಂದ ದಿನವೇ ಇದನ್ನು ಬರೆಯಬೇಕು ಅಂದುಕೊಂಡಿದ್ದೆ.

ಹೊನಲು ಬೆಳಕಿನ ಪಂದ್ಯಾಟ ಲೈವ್ ಮಾಡುವವರಿಗೆ ಕ್ಯಾಮೆರಾ ಬದಲಿಸುವ ಸ್ವಿಚರ್, ಚಿತ್ರವನ್ನು ಇಂಟರ್ನೆಟ್ಟಿಗೆ ಕಳಿಸುವ ಎನ್‌ಕೋಡರ್, ನಾಲ್ಕು ಸಿಮ್ಮಿನ ಗೋಳು ಎಲ್ಲ ಗೊತ್ತಿರುವುದೇ. ನಾನು ಹೇಳುವುದು ಮೈಕಿನ ವಿಷಯ ಮಾತ್ರ.

ಮೊದಲೆಲ್ಲ ನಾನೂ ಎಲ್ಲರ ಹಾಗೆ ಸೌಂಡ್ಸ್‌ನವರ ಮಿಕ್ಸರಿನಿಂದ ಒಂದು ಲೈನ್ ಎಳೆದು ಲೈವ್‌ಗೆ ಕೊಡುತ್ತಿದ್ದೆ. ಮೈದಾನದಲ್ಲಿ ಉದ್ಘೋಷಕರು ಇದ್ದಾರೆ, ಮಾತಾಡುತ್ತಾರೆ, ಮುಗಿಯಿತು. ಆದರೆ ಅವರ ಕೆಲಸವೇ ಬೇರೆ ಎಂದು ನನಗೆ ಅರ್ಥವಾದದ್ದು ಒಂದು 65 ಕೆ.ಜಿ. ವಿಭಾಗದ ಫೈನಲ್ಲಿನಲ್ಲಿ. ರಾತ್ರಿ ಎರಡೂವರೆ ಇರಬಹುದು. 24-24 ಸಮ, ಕೊನೆಯ ರೈಡ್. ಹುಡುಗ ಗೆರೆ ದಾಟಿ ಎಡ ತುದಿಯ ಕಾರ್ನರಿನವನಿಗೆ ಕಾಲು ಚಾಚುತ್ತಿದ್ದಾನೆ, ಅವನನ್ನು ಹಿಡಿಯಲು ಹಿಂದಿನಿಂದ ಕವರ್‌ನ ಡಿಫೆಂಡರ್ ಹಾರುತ್ತಿದ್ದಾನೆ, ಮೈಕಿನಲ್ಲಿ ಮಾತ್ರ "ಈಗ ನಮ್ಮ ಊರಿನ ಹಿರಿಯರು, ಕೊಡುಗೈ ದಾನಿಗಳು, ವೇದಿಕೆಗೆ ಬಂದು ಶಾಲು ಸ್ವೀಕರಿಸಬೇಕಾಗಿ ವಿನಂತಿ" ಅಂತ ಬರುತ್ತಿದೆ. ಅದರ ಬೆನ್ನಿಗೇ ಬಿಳಿ ಸ್ವಿಫ್ಟ್ ಕಾರು ಅಡ್ಡ ನಿಲ್ಲಿಸಿದವರು ತೆಗೆಯಬೇಕು. ಮೈದಾನದಲ್ಲಿದ್ದವರಿಗೆ ಏನೂ ನಷ್ಟ ಇಲ್ಲ, ಕಣ್ಣೆದುರು ಆಟ ಇದೆ. ಲೈವ್‌ನಲ್ಲಿ ನೋಡುವವರಿಗೆ ಯಾರು ಗೆದ್ದರು ಎಂದು ತಿಳಿಯಲು ಎರಡು ನಿಮಿಷ ಬೇಕಾಯಿತು. ಕಮೆಂಟಿನಲ್ಲಿ ಬಂದ ತುಳು ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಉದ್ಘೋಷಕರ ತಪ್ಪಲ್ಲ. ಶಾಲು ಹಾಕಿಸಿಕೊಳ್ಳುವವರೇ ಪಂದ್ಯಾಟಕ್ಕೆ ದುಡ್ಡು ಕೊಟ್ಟವರು. ಆದರೆ ಆ ಧ್ವನಿ ಲೈವ್‌ಗೆ ಅಲ್ಲ.

ಅಲ್ಲಿಂದ ಬೇರೆ ಕಾಮೆಂಟೇಟರ್ ಹುಡುಕುವ ಹುಚ್ಚು ಹತ್ತಿತು. ಮೊದಲು ಒಬ್ಬ ಮದುವೆ ಆರ್ಕೆಸ್ಟ್ರಾದ ನಿರೂಪಕನನ್ನು ಕರೆಸಿದೆ. ಗಂಟಲು ಒಳ್ಳೆಯದು, ಆದರೆ ಗೆರೆ ತುಳಿದು ತೆಗೆಯುವ ಬೋನಸ್ಸಿಗೂ, ಮೂರೋ ಅದಕ್ಕಿಂತ ಕಡಿಮೆಯೋ ಜನ ಉಳಿದಾಗ ರೈಡರನ್ನು ಹಿಡಿಯುವ ಸೂಪರ್ ಟ್ಯಾಕಲ್ಲಿಗೂ ಒಂದೇ ಕಿರುಚು. ಹತ್ತು ನಿಮಿಷಕ್ಕೆ ಕಿವಿ ಸತ್ತುಹೋಯಿತು. ಎರಡನೆಯವರು ತಾಳಮದ್ದಳೆಯಲ್ಲಿ ಕೂತು ಪುರಾಣದ ಪಾತ್ರವಾಗಿ ಮಾತಾಡುವ ಅರ್ಥಧಾರಿ. ಭಾಷೆ ಅಂದರೆ ಭಾಷೆ! ಆದರೆ ಒಂದು ರೈಡಿಗೆ ಇರುವುದು ಮೂವತ್ತು ಸೆಕೆಂಡು. ಅವರು ಚಕ್ರವ್ಯೂಹ ಹೊಕ್ಕ ಅಭಿಮನ್ಯುವನ್ನು ತಂದು ನಿಲ್ಲಿಸುವಷ್ಟರಲ್ಲಿ ರೈಡರ್ ಔಟಾಗಿ ಹೊರಗೆ ಕೂತು ನೀರು ಕುಡಿಯುತ್ತಿದ್ದ. ಇಬ್ಬರಿಗೂ ತಲಾ ಎರಡೂವರೆ ಸಾವಿರ ಕೈಯಿಂದ ಹೋಯಿತು, ಸಮಿತಿ ಕೊಡಲಿಲ್ಲ. ಮೂರನೇ ಸಲ ಸ್ವತಃ ನಾನೇ ಕೂತೆ. ಅದರ ರೆಕಾರ್ಡಿಂಗ್ ಅಳಿಸಿದ್ದೇನೆ.

ಸಿಕ್ಕಿದ್ದು ಅಕಸ್ಮಾತ್ತಾಗಿ. ಬೆಳ್ತಂಗಡಿ ಕಡೆಯ ಒಂದು ಪಂದ್ಯಾಟದಲ್ಲಿ ಜನರ ಗದ್ದಲ ಹಿಡಿಯಲೆಂದು ಅಡಿಕೆ ಸಲಾಕೆಗೆ ಒಂದು ಮೈಕ್ ಕಟ್ಟಿ ಸ್ಕೋರರ್‌ಗಳ ಮೇಜಿನ ಹಿಂದೆ ನಿಲ್ಲಿಸಿದ್ದೆ. ಅರ್ಧ ಗಂಟೆಯಲ್ಲಿ ಕಮೆಂಟ್ ಬರಲು ಶುರು: "ಹಿಂದೆ ಮಾತಾಡ್ತಾ ಇರುವ ಆ ಜನ ಯಾರು? ಅವರ ಸೌಂಡ್ ಜಾಸ್ತಿ ಮಾಡಿ." ಹೆಡ್‌ಫೋನ್ ಹಾಕಿ ಕೇಳಿದರೆ, ಸ್ಕೋರ್ ಶೀಟ್ ಬರೆಯುತ್ತಿದ್ದ ಒಬ್ಬರು ತಮ್ಮಷ್ಟಕ್ಕೆ ಗೊಣಗುತ್ತಿದ್ದಾರೆ. "ಆರು ಜನ ಇದ್ದಾರೆ, ಬೋನಸ್ ಉಂಟು... ತೆಗೀತಾನೆ ನೋಡು... ಎಡಗಾಲು... ಹಾಂ, ತೆಗ್ದ. ಹದಿನೇಳು, ಹದಿನಾಲ್ಕು." ಅಷ್ಟೇ. ಕಣ್ಣು ಮುಚ್ಚಿದರೂ ಅಂಕಣ ಕಾಣುತ್ತಿತ್ತು.

ಪುತ್ತೂರಿನ ಅಡಿಕೆ ಮಂಡಿಯೊಂದರಲ್ಲಿ ಕೆಲಸ, ಹಿಂದೆ ಕವರ್ ಆಡುತ್ತಿದ್ದವರು, ಮೊಣಕಾಲು ಹೋದ ಮೇಲೆ ಸ್ಕೋರ್ ಬರೆಯಲು ಕೂತವರು. ನಾನು ಮಂಡಿಯಣ್ಣ ಅನ್ನುತ್ತೇನೆ. ಕಾಮೆಂಟ್ರಿ ಮಾಡ್ತೀರಾ ಎಂದು ಕೇಳಿದಾಗ "ನಂಗೆ ಮಾತಾಡ್ಲಿಕ್ಕೆ ಬರುದಿಲ್ಲ ಮಾರಾಯ" ಅಂದರು. ಅದೇ ನನಗೆ ಬೇಕಾಗಿದ್ದದ್ದು. ಮಾತು ಬರುತ್ತದೆ ಅಂದುಕೊಂಡ ಮೂವರನ್ನು ಆಗಲೇ ನೋಡಿಯಾಗಿತ್ತು.

ಅಭ್ಯಾಸಕ್ಕೆ ಒಂದು ಉಪಾಯ ಮಾಡಿದೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗೆದ್ದ ಪ್ರೊ ಕಬಡ್ಡಿ ಫೈನಲ್ ಹಾಕಿ, ಟಿವಿಯ ಸೌಂಡ್ ಬಂದ್ ಮಾಡಿ, ಅಣ್ಣನಿಗೆ ಹೆಡ್‌ಸೆಟ್ ಕೊಟ್ಟೆ. ನಾನು ಟಿವಿಗೆ ಬೆನ್ನು ಹಾಕಿ ಪುಸ್ತಕದಲ್ಲಿ ಸ್ಕೋರ್ ಬರೆದುಕೊಂಡೆ. ಕೊನೆಗೆ 38-33 ಎಂದು ನನ್ನ ಪುಸ್ತಕದಲ್ಲಿ ಬಂದರೆ ಪಾಸ್. ಮೊದಲ ಸಲ ನನಗೆ ಬಂದದ್ದು 31-30. ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತೆಗೆದ ಪಂದ್ಯ ಅದು, ಅಣ್ಣ ಎಡೆಯಲ್ಲಿ ಆಟ ನೋಡುತ್ತಾ ಮಾತೇ ಮರೆತಿದ್ದರು. ನಾಲ್ಕನೇ ಸಲಕ್ಕೆ ಸರಿ ಬಂತು.

ನಮ್ಮ ಲೈವ್ ನೋಡುವವರಲ್ಲಿ ಅರ್ಧ ಜನ ನೋಡುವುದೇ ಇಲ್ಲ ಎಂದು ತಿಳಿಯಲು ನನಗೆ ಒಂದು ಸೀಸನ್ ಬೇಕಾಯಿತು. ಇಲ್ಲಿ ರಾತ್ರಿ 12ಕ್ಕೆ ಸೆಮಿಫೈನಲ್ ಶುರುವಾದರೆ ದುಬೈಯಲ್ಲಿ ಹತ್ತೂವರೆ, ಕುವೈತ್, ಸೌದಿಯಲ್ಲಿ ಒಂಬತ್ತೂವರೆ. ಆಗ ಅಲ್ಲಿ ನಮ್ಮ ಹುಡುಗರು ರೂಮಿನಲ್ಲಿ ಅಡುಗೆ ಮಾಡುತ್ತಿರುತ್ತಾರೆ, ಬಟ್ಟೆ ಇಸ್ತ್ರಿ ಹಾಕುತ್ತಿರುತ್ತಾರೆ, ಇಲ್ಲಾ ಗಾಡಿ ಓಡಿಸುತ್ತಿರುತ್ತಾರೆ. ಫೋನ್ ಗೋಡೆಗೆ ಒರಗಿಸಿಟ್ಟು ಕಿವಿ ಮಾತ್ರ ಆ ಕಡೆ. ಅವರಿಗೆ ಬೇಕಾದದ್ದು ಹಳೆಯ ರೇಡಿಯೋ ಕಾಮೆಂಟ್ರಿ. ಟಿವಿಯಲ್ಲಿ ಸುಮ್ಮನಿದ್ದರೂ ನಡೆಯುತ್ತದೆ, ಚಿತ್ರವೇ ಹೇಳುತ್ತದೆ. ಆರು ಇಂಚಿನ ಸ್ಕ್ರೀನಿನಲ್ಲಿ ಹುಡುಗರ ಎದೆಯ ನಂಬರೇ ಕಾಣುವುದಿಲ್ಲ.

ಹಾಗಾಗಿ ಅಣ್ಣನಿಗೆ ನಾನು ಹಾಕಿದ ಕಟ್ಟುಪಾಡು ಎರಡೇ. ಪ್ರತಿ ರೈಡ್ ಮುಗಿದಾಗ ಸ್ಕೋರ್ ಹೇಳಬೇಕು. ರೈಡರ್ ಹೊರಡುವ ಮೊದಲೇ ಎದುರು ಎಷ್ಟು ಜನ ಇದ್ದಾರೆ, ಇದು ಪಾಯಿಂಟ್ ತರದಿದ್ದರೆ ಔಟಾಗುವ ಡು ಆರ್ ಡೈ ರೈಡೋ ಅಲ್ಲವೋ ಹೇಳಬೇಕು. ಎದುರು ಮೂರೇ ಜನ, ಹಿಡಿದರೆ ಎರಡು ಪಾಯಿಂಟ್ ಎಂದು ಮೊದಲೇ ಕಿವಿಗೆ ಹಾಕಿದರೆ ದೋಸೆ ಹೊಯ್ಯುವವನೂ ಸೌಟು ಕೆಳಗಿಟ್ಟು ಬರುತ್ತಾನೆ. ಆಟಗಾರರ ಹೆಸರು ತಪ್ಪದ ಹಾಗೆ ಅಣ್ಣನ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದನ್ನು ಹೇಗೆ ತಯಾರು ಮಾಡುತ್ತೇವೆ, ತಂಡಗಳಿಂದ ಯಾವಾಗ ಏನು ಕೇಳಿ ತೆಗೆದುಕೊಳ್ಳುತ್ತೇವೆ ಎಂದು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಭಾಷೆಯ ಜಗಳವೂ ಆಯಿತು. ಪೂರ್ತಿ ತುಳುವಿನಲ್ಲಿ ಮಾಡಿದೆವು, ಹಾಸನ, ಮಂಡ್ಯದ ತಂಡಗಳ ಕಡೆಯವರು ಬಿಟ್ಟುಹೋದರು. ಪೂರ್ತಿ ಪುಸ್ತಕದ ಕನ್ನಡ ಮಾಡಿದರೆ ಅಣ್ಣ ವಾರ್ತೆ ಓದಿದ ಹಾಗಾಯಿತು. ಈಗ ರೈಡ್ ಕನ್ನಡದಲ್ಲಿ, ತಮಾಷೆ ತುಳುವಿನಲ್ಲಿ. ರೆಫರಿ ಮೇಲಿನ ಸಿಟ್ಟು ಯಾವ ಭಾಷೆಯಲ್ಲೂ ಇಲ್ಲ. ಒಮ್ಮೆ ಬಾಯ್ತಪ್ಪಿ ಬಂದು ಅಂಕಣದ ಪಕ್ಕ ದೊಡ್ಡ ರಾದ್ಧಾಂತ ಆಗಿತ್ತು.

ಮೈಕ್ ಬಗ್ಗೆ: ಮೊದಲು 1,800 ರೂಪಾಯಿಯ ಗೇಮಿಂಗ್ ಹೆಡ್‌ಸೆಟ್ ಕೊಟ್ಟೆ, ಜನರೇಟರಿನ ಗುರ್ರ್ ಎಲ್ಲ ಅದರಲ್ಲೇ ಬಂತು. ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಬಾಯಿ ಹತ್ತಿರ ಕೂರುವ ಡೈನಮಿಕ್ ಮೈಕಿನ ಹೆಡ್‌ಸೆಟ್, ಒಂಬತ್ತು ಸಾವಿರದ ಆಸುಪಾಸು. ಆಗ ನನ್ನ ಎರಡು ಕ್ಯಾಮೆರಾ ಅಂದರೆ ವೈಫೈಯಲ್ಲಿ ಓಡುವ ಫೋನ್‌ಗಳು, ಚಿತ್ರ ಒಂದು ಸೆಕೆಂಡು ತಡ. ಧ್ವನಿ ಮೊದಲು, ಔಟ್ ಆಮೇಲೆ. "ಇವರು ಜ್ಯೋತಿಷ್ಯ ಹೇಳ್ತಾರಾ?" ಎಂದು ಒಬ್ಬರು ಕೇಳಿದ ಮೇಲೆ ಆಡಿಯೋಗೂ ಡಿಲೇ ಹಾಕಿದೆ.

ನಾನು ಎಣಿಸದೇ ಇದ್ದ ಲಾಭ ಒಂದು ಬಂತು. ಸೌಂಡ್ಸ್‌ನವರ ಲೈನ್ ತೆಗೆದಿದ್ದರಿಂದ ಪಂದ್ಯದ ಎಡೆಯಲ್ಲಿ ಅವರು ಹಾಕುವ ಸಿನಿಮಾ ಹಾಡು ನನ್ನ ಲೈವ್‌ಗೆ ನೇರ ಬರುವುದಿಲ್ಲ. ಹಿಂದೆ ಹಾಡಿನಿಂದ ಕಾಪಿರೈಟ್ ಕ್ಲೇಮ್ ಬಂದು ಒಂದು ಲೈವ್ ಸೆಮಿಫೈನಲ್ಲಿನಲ್ಲೇ ನಿಂತಿತ್ತು. ಆ ರಾತ್ರಿ ಸಮಿತಿಯವರು ನನ್ನ ಪೇಮೆಂಟಿನಲ್ಲಿ ಐದು ಸಾವಿರ ಕಡಿದರು. ಈಗ ಹಾಡು ಶುರುವಾದ ಕೂಡಲೇ ಜನರ ಮೈಕ್ ಇಳಿಸುತ್ತೇನೆ, ಅಣ್ಣ ಮಾತಾಡುತ್ತಾರೆ.

ಎಡೆಯಲ್ಲಿ ಕೆಲವು ಹುಚ್ಚಾಟ ಮಾಡಿದ್ದೂ ಉಂಟು. ಖರ್ಚು ಉಳಿಯಲಿ ಎಂದು ಅಣ್ಣನನ್ನು ಮನೆಯಲ್ಲೇ ಕೂರಿಸಿ ವಿಡಿಯೋ ಕಾಲ್‌ನಲ್ಲಿ ಕಾಮೆಂಟ್ರಿ ಹೇಳಿಸಿದೆ. ಬೆಂಚಿನಲ್ಲಿ ಯಾರು ಕುಂಟುತ್ತಿದ್ದಾರೆ, ಯಾರು ವಾರ್ಮಪ್ ಮಾಡುತ್ತಿದ್ದಾರೆ ಎಂದು ಕಾಣದೆ ಅಣ್ಣ ಬೆಪ್ಪಾದರು. ವಾಲಿಬಾಲ್‌ಗೂ ಕೂರಿಸಿದೆ, ಅಷ್ಟು ರುಚಿಸಲಿಲ್ಲ. ಕಂಬಳಕ್ಕೆ ಕೈ ಹಾಕಲಿಲ್ಲ. ಅಲ್ಲಿ ಕೋಣ ಓಡಿಸುವ ಕೆಸರಿನ ಕರೆಯ ಪಕ್ಕ ಮೈಕ್ ಹಿಡಿದು ಹಗಲು ರಾತ್ರಿ ತುಳುವಿನಲ್ಲಿ ಮಾತಾಡುವವರ ಎದುರು ನಾವೆಲ್ಲ ಬಚ್ಚಾಗಳು. ಆದರೆ ಕಂಬಳದಿಂದ ಒಂದು ಕಲಿತೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಆ ಲೆಕ್ಕ ಹಾಗೇ ಇದ್ದಿದ್ದರೆ ಐಕಳ ದಾಟುತ್ತಿರಲಿಲ್ಲ. 100 ಮೀಟರಿಗೆ 9.55 ಎಂದು ಯಾರೋ ತಿರುಗಿಸಿ ಹೇಳಿದ್ದಕ್ಕೆ ಪ್ರಪಂಚ ತಿರುಗಿ ನೋಡಿತು. ಅಣ್ಣನಿಗೂ ಅದೇ ಹೇಳಿದೆ: "ಹನ್ನೊಂದು ರೈಡ್ ಪಾಯಿಂಟ್ ಅನ್ನಬೇಡಿ, ಹೋದ ಒಂಬತ್ತು ಸಲದಲ್ಲಿ ಏಳು ಸಲ ಬರಿಗೈಯಲ್ಲಿ ಬರಲಿಲ್ಲ ಅನ್ನಿ."

ಇನ್ನು ದುಡ್ಡು. 42 ಸಾವಿರಕ್ಕೆ ತಂದ ನಾಲ್ಕನೇ ಕ್ಯಾಮೆರಾವನ್ನು 26ಕ್ಕೆ ಮಾರಿದೆ. ನನ್ನ ದೋಸ್ತಿಗಳು ನಕ್ಕರು. ಆ ದುಡ್ಡಿನಲ್ಲಿ ಹೆಡ್‌ಸೆಟ್, ಒಂದು ಚಿಕ್ಕ ಮಿಕ್ಸರ್, ಉಳಿದದ್ದರಲ್ಲಿ ಅಣ್ಣನ ಮೊದಲ ಮೂರ್ನಾಲ್ಕು ಪಂದ್ಯಾಟದ ಸಂಬಳ. ಮೊದಲು ಒಬ್ಬ ವೀಕ್ಷಕ ಸರಾಸರಿ ನಾಲ್ಕು ನಿಮಿಷ ನಿಲ್ಲುತ್ತಿದ್ದ, ಈಗ ಹನ್ನೊಂದು ಹನ್ನೆರಡು. ಫೈನಲ್ಲಿಗೆ ಒಟ್ಟಿಗೆ ನೋಡುವವರು 400-500 ಇದ್ದದ್ದು ಒಳ್ಳೆಯ ದಿನ 2,000 ಮುಟ್ಟುತ್ತದೆ. ಅದಕ್ಕಿಂತ ಮುಖ್ಯ, ಅಣ್ಣನ ಬಾಯಿಯಲ್ಲಿ ಬರುವ ಜಾಹೀರಾತು. ಸ್ಕ್ರೀನಿನ ಮೂಲೆಯ ಲೋಗೋಗೆ 500 ಕೊಡಲು ಹಿಂದೆಮುಂದೆ ನೋಡುತ್ತಿದ್ದ ಬೇಕರಿಯವರು, "ಈ ಸೂಪರ್ ಟ್ಯಾಕಲ್ ಇಂಥ ಬೇಕರಿಯವರದ್ದು" ಎಂದು ಹೇಳಿಸಲು ರಾತ್ರಿಗೆ 1,500 ಕೊಟ್ಟರು. ಅಂಥ ನಾಲ್ಕು ಸಿಕ್ಕರೆ ಅಣ್ಣನ ಸಂಬಳ, ಊಟ, ಪೆಟ್ರೋಲ್ ಕಳೆದು ನನಗೂ ಉಳಿಯುತ್ತದೆ. ಯಾವ ಘಳಿಗೆಯನ್ನು ಯಾರಿಗೆ ಮಾರುತ್ತೇನೆ ಎಂಬುದು ಚೀಟಿಯ ಹಾಗೇ, ಗುಟ್ಟು.

ನಕ್ಕ ದೋಸ್ತಿಗಳಲ್ಲಿ ಒಬ್ಬ ಮೊನ್ನೆ ಅಣ್ಣನಿಗೆ ನೇರ ಫೋನ್ ಮಾಡಿ ಐದು ಸಾವಿರ ಕೊಡ್ತೇನೆ ಅಂದನಂತೆ. ಅಣ್ಣ ಅದನ್ನು ನನಗೆ ಹೇಳಿದ್ದು ಯಾಕೆ ಅಂತ ಗೊತ್ತಿಲ್ಲದಷ್ಟು ದಡ್ಡ ನಾನಲ್ಲ. ನಾನು ನಾಲ್ಕೂವರೆ ಮತ್ತು ಹೋಗಿ ಬರಲು ಕಾರು ಅಂದಿದ್ದೇನೆ. ಮಂಡಿಯಲ್ಲಿ ಅಡಿಕೆ ರೇಟು ಮಾತಾಡಿ ಪಳಗಿದ ಜನ, "ನೋಡುವ" ಅಂತ ಫೋನ್ ಇಟ್ಟಿದ್ದಾರೆ.