ಗಲ್ಫಿನಿಂದ ಚಿಕಿತ್ಸೆಗೆ ಊರಿಗೆ ಬರುತ್ತೀರಾ? ಟಿಕೆಟ್ ಆಮೇಲೆ ತೆಗೆಯಿರಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ಹಲ್ಲು, ಮೊಣಕಾಲು, ಹರ್ನಿಯಾ, ಪಿತ್ತಕೋಶದ ಕಲ್ಲು, ಏನಿದ್ದರೂ "ಊರಿಗೆ ಹೋದಾಗ ಮಾಡಿಸಿದರಾಯಿತು" ಅಂತ ಮುಂದೆ ಹಾಕುತ್ತಾರೆ. ಅಲ್ಲಿಗಿಂತ ಇಲ್ಲಿ ಖರ್ಚು ಕಡಿಮೆ, ನಿಜ. ಆದರೆ ರಜೆ ಎಷ್ಟು ದಿನ ಅಂತ ಮೊದಲು ನೋಡಿ, ಆಮೇಲೆ ಕಾಯಿಲೆಯನ್ನು ಅದರೊಳಗೆ ತುರುಕಲು ಹೋದರೆ ಕೆಲಸ ಕೆಡುತ್ತದೆ.

ನನ್ನ ಭಾವ ಶಾರ್ಜಾದಿಂದ ಮೂರು ವಾರದ ರಜೆಯಲ್ಲಿ ಬಂದರು, ಎರಡು ಹಲ್ಲಿಗೆ ಇಂಪ್ಲಾಂಟ್ ಮಾಡಿಸಲು. ಕ್ಲಿನಿಕ್‌ನವರು ಫೋನಿನಲ್ಲಿ "ಬನ್ನಿ, ಆಗುತ್ತದೆ" ಎಂದಿದ್ದರು. ಬಂದು ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಯಿತು: ದವಡೆಯ ಮೂಳೆಗೆ ಸ್ಕ್ರೂ ಹಾಕಿ, ಅದು ಮೂಳೆಯ ಜೊತೆ ಗಟ್ಟಿಯಾಗಿ ಕೂರಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬಿಟ್ಟು, ಆಮೇಲೆ ಅದರ ಮೇಲೆ ಹಲ್ಲು ಕೂರಿಸುವುದು. ಇನ್ನೊಂದು ಟಿಕೆಟ್ ತೆಗೆಯಬೇಕಾಯಿತು, ಅದೂ ಅಲ್ಲಿ ಶಾಲೆಗಳಿಗೆ ರಜೆ ಇರುವ ಜುಲೈಯಲ್ಲಿ. ಉಳಿಸಿದ ದುಡ್ಡೆಲ್ಲ ವಿಮಾನಕ್ಕೇ ಹೋಯಿತು.

ಹಾಗಾಗಿ ಮೊದಲು ಅಲ್ಲಿಂದಲೇ ಡಾಕ್ಟರ ಹತ್ತಿರ ಮಾತಾಡಿ. ರಕ್ತ ಪರೀಕ್ಷೆಯ ವರದಿ, ಸ್ಕ್ಯಾನಿನ ಸಿಡಿ, ಈಗ ತಿನ್ನುವ ಮಾತ್ರೆಗಳ ಹೆಸರು ಮತ್ತು ಎಷ್ಟು ಎಂಜಿ ಅನ್ನುವುದು, ಎಲ್ಲ ಒಟ್ಟು ಮಾಡಿಟ್ಟುಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಮೊದಲೇ ಹೇಳಲೇಬೇಕು. ನೀವಾಗಿ ಅದನ್ನು ನಿಲ್ಲಿಸಬೇಡಿ. ಮತ್ತೆ ಕೇಳಬೇಕಾದ್ದು ಇಷ್ಟು: ಎಷ್ಟು ಸಲ ಬರಬೇಕು, ಎಷ್ಟು ದಿನ ಮಲಗಬೇಕು, ಯಾವಾಗ ವಿಮಾನ ಹತ್ತಬಹುದು. ಉತ್ತರವನ್ನು ಬರೆದು ಕಳಿಸಲು ಹೇಳಿ.

ವಿಮಾನದ ವಿಷಯ ಯಾರೂ ಜಾಸ್ತಿ ಯೋಚನೆ ಮಾಡುವುದಿಲ್ಲ. ತೂತು ಮಾಡಿ ಮಾಡುವ ಲ್ಯಾಪ್ರೊಸ್ಕೋಪಿ ಆದರೆ ಸಾಮಾನ್ಯವಾಗಿ 4-5 ದಿನ, ಹೊಟ್ಟೆ ಕೊಯ್ದು ಮಾಡಿದರೆ ಸುಮಾರು 10 ದಿನ ಕಾಯಬೇಕು. ಏನಾದರೂ ತೊಡಕಾದರೆ ಇನ್ನೂ ಜಾಸ್ತಿ. ಕಣ್ಣಿನ ಹಿಂದಿನ ಪರದೆಯ (ರೆಟಿನಾ) ಆಪರೇಷನ್‌ನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ ಅದು ಪೂರ್ತಿ ಕರಗುವ ತನಕ ವಿಮಾನ ಹತ್ತಲೇಬಾರದು, ಮೇಲೆ ಹೋದಾಗ ಗ್ಯಾಸ್ ಹಿಗ್ಗಿ ದೃಷ್ಟಿಯೇ ಹೋಗಬಹುದು. ಮೊಣಕಾಲಿನ ಆಪರೇಷನ್ ಆದವರಿಗೆ ವಿಮಾನದಲ್ಲಿ ಕೂತಲ್ಲೇ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಬಾಕಿ ಎಲ್ಲ ನಿಮ್ಮ ಡಾಕ್ಟರ ತೀರ್ಮಾನ. ಪ್ರಯಾಣ ಮಾಡಬಹುದು ಅನ್ನುವ ಸರ್ಟಿಫಿಕೇಟ್ ಮಾತ್ರ ಮರೆಯದೆ ಬರೆಸಿಕೊಳ್ಳಿ, ಏರ್‌ಲೈನ್‌ನವರು ಕೇಳಬಹುದು.

ಎಲ್ಲಿಗೆ ಹೋಗುವುದು? ನಮಗೆ ಮಂಗಳೂರು ಕೈಗೆ ಹತ್ತಿರ. ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿದರೆ ದೇರಳಕಟ್ಟೆ, ಅಲ್ಲಿ ಮೆಡಿಕಲ್ ಕಾಲೇಜುಗಳು, ಎರಡು ಡೆಂಟಲ್ ಕಾಲೇಜು ಇವೆ. ನೇತ್ರಾವತಿ ಸೇತುವೆ ದಾಟಿ ಪೇಟೆಯ ಟ್ರಾಫಿಕ್ಕಿಗೆ ಸಿಕ್ಕಿಬೀಳುವ ಕೆಲಸವೇ ಇಲ್ಲ. ಡೆಂಟಲ್ ಕಾಲೇಜಿನಲ್ಲಿ ದುಡ್ಡು ಕಡಿಮೆ, ಆದರೆ ವಿದ್ಯಾರ್ಥಿಗಳು ಪ್ರೊಫೆಸರಿಗೆ ತೋರಿಸಿ ತೋರಿಸಿ ಮಾಡುವುದರಿಂದ ನಾಲ್ಕು ಸಲ ಓಡಾಡಬೇಕು. ರಜೆ ಕಡಿಮೆ ಇದ್ದವರಿಗೆ ಅದು ಆಗುವ ಮಾತಲ್ಲ.

ಇನ್ನೊಂದು ಲಾಭವನ್ನು ನಾನು ಖರ್ಚಿಗಿಂತ ದೊಡ್ಡದು ಅಂತ ತಿಳಿಯುತ್ತೇನೆ. ಶಾರ್ಜಾದಲ್ಲಿ ಭಾವನಿಗೆ ತನ್ನ ನೋವನ್ನು ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಹೇಳಬೇಕಿತ್ತು. ಇಲ್ಲಿ ಕನ್ನಡದಲ್ಲೋ ತುಳುವಿನಲ್ಲೋ "ಜುಮು ಜುಮು ಅನ್ನುತ್ತದೆ, ರಾತ್ರಿ ಸೆಳೆಯುತ್ತದೆ" ಅಂದರೆ ಡಾಕ್ಟರಿಗೆ ಅಷ್ಟು ಸಾಕು, ಅಲ್ವಾ?

ದುಡ್ಡಿನ ಮಾತು ಮೊದಲೇ ಮುಗಿಸಿ. "ಪ್ಯಾಕೇಜ್" ಅಂದರೆ ಸುಮ್ನೆ ತಲೆಯಾಡಿಸಬೇಡಿ. ರೂಮು, ಆಪರೇಷನ್ ಥಿಯೇಟರ್, ಅರಿವಳಿಕೆ, ಔಷಧಿ, ಒಳಗೆ ಹಾಕುವ ಇಂಪ್ಲಾಂಟ್, ಇದರಲ್ಲಿ ಯಾವುದು ಸೇರಿದೆ ಅಂತ ಬರೆಸಿಕೊಳ್ಳಿ. ಹೃದಯದ ರಕ್ತನಾಳ ತೆರೆದಿಡಲು ಹಾಕುವ ಸ್ಟೆಂಟಿಗೆ 2017ರ ಫೆಬ್ರವರಿಯಿಂದ, ಮೊಣಕಾಲಿನ ಕೃತಕ ಕೀಲಿಗೆ ಅದೇ ವರ್ಷದ ಆಗಸ್ಟಿನಿಂದ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ. ಬಿಲ್ಲಿನಲ್ಲಿ ಅದರ ಕಂಪೆನಿ, ಬೆಲೆ ಬೇರೆಯಾಗಿ ಕಾಣಬೇಕು. ಅಲ್ಲಿಯ ಕಂಪೆನಿ ಇನ್ಶೂರೆನ್ಸ್ ಕೆಲವರದ್ದು ಇಲ್ಲಿಯ ಖರ್ಚನ್ನೂ ಕೊಡುತ್ತದೆ, ಆದರೆ ಮೊದಲೇ ಒಪ್ಪಿಗೆ ಬೇಕು, ಆಮೇಲೆ ಅಸಲು ಬಿಲ್, ಡಿಸ್ಚಾರ್ಜ್ ಸಮ್ಮರಿ ಬೇಕು. ಊರಿನ ಮೆಡಿಕ್ಲೇಮ್ (ಆರೋಗ್ಯ ವಿಮೆ) ಈಗ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಈ ಸಲದ ಆಪರೇಷನ್ನಿಗೆ ಅದನ್ನು ನಂಬಬೇಡಿ.

ಹಿಂದೆ ಹೋಗುವಾಗ ಮಾತ್ರೆಯ ವಿಷಯದಲ್ಲಿ ತುಂಬ ಜಾಗ್ರತೆ. ನೋವಿನ ಮಾತ್ರೆ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಇವು ನಮಗೆ ಸಾಮಾನ್ಯ ಔಷಧಿ. ಯುಎಇಯಲ್ಲಿ ಇವಕ್ಕೆ ಕಟ್ಟುನಿಟ್ಟಿನ ನಿಯಂತ್ರಣ ಇದೆ, ಅಲ್ಲಿಯ ಸರ್ಕಾರದಿಂದ ಮೊದಲೇ ಆನ್‌ಲೈನಿನಲ್ಲಿ ಅನುಮತಿ ತೆಗೆಯದೆ ಬ್ಯಾಗಿಗೆ ಹಾಕಬೇಡಿ. ಪಕ್ಕದ ಮನೆಯವರು "ನಮ್ಮ ಮಗನಿಗೆ ಕೊಡಿ" ಅಂತ ತಂದ ಮಾತ್ರೆಯನ್ನಂತೂ ಖಂಡಿತ ತೆಗೆದುಕೊಂಡು ಹೋಗಬೇಡಿ. ನಿಮ್ಮ ಮಾತ್ರೆ ಅದು ಬಂದ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿ ಕೈಯಲ್ಲಿರಲಿ.

ಹೊಲಿಗೆ ಬಿಚ್ಚುವುದು ಯಾವಾಗ, ಅಲ್ಲಿ ಯಾರ ಹತ್ತಿರ ಅಂತ ಹೊರಡುವ ಮೊದಲೇ ಕೇಳಿ. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಫೋಟೊ ಕಳಿಸಲು ಇಲ್ಲಿಯ ಒಂದು ನಂಬರ್ ಇಟ್ಟುಕೊಳ್ಳಿ, ಆದರೆ ಉತ್ತರಕ್ಕೆ ಕಾಯುತ್ತಾ ಕೂರದೆ ಅಲ್ಲಿಯ ಆಸ್ಪತ್ರೆಗೆ ಆ ದಿನವೇ ಹೋಗಿ.