ಹಳೆಯ ಮೆರವಣಿಗೆ ಬಾವುಟ ಕೊಳ್ಳುವಾಗ ಮೊದಲು ನಕ್ಷತ್ರ ಎಣಿಸಿ

ಅಮೆರಿಕದಲ್ಲಿ ಹಿಂದೆ ಚುನಾವಣಾ ಸಭೆಗೋ ಸ್ವಾತಂತ್ರ್ಯ ದಿನವಾದ ಜುಲೈ 4ರ ಮೆರವಣಿಗೆಗೋ ಹೊರಟವರ ಕೈಯಲ್ಲಿ ದೇಶದ ಪುಟ್ಟ ಬಾವುಟ ಇರುತ್ತಿತ್ತು. ಹತ್ತಿ ಅಥವಾ ರೇಷ್ಮೆ ಬಟ್ಟೆಗೆ ಅಚ್ಚು ಹಾಕಿ, ಕಡ್ಡಿಗೆ ಸಿಕ್ಕಿಸಿದ್ದು. ಒಂದು ದಿನ ಬೀಸಿ ಬಿಸಾಡಲೆಂದು ಮಾಡಿದ ವಸ್ತು ನೂರು ವರ್ಷ ದಾಟಿ ಉಳಿದಿರುವುದೇ ನನಗೆ ದೊಡ್ಡ ಸಂಗತಿ.

ಕೈಗೆ ಸಿಕ್ಕ ಕೂಡಲೇ ನಕ್ಷತ್ರ ಎಣಿಸಿ. 1818ರ ಕಾನೂನಿನ ಪ್ರಕಾರ ಪಟ್ಟೆಗಳು 13 ಮಾತ್ರ. ಹೊಸ ರಾಜ್ಯ ಸೇರಿದರೆ ಮುಂದಿನ ಜುಲೈ 4ಕ್ಕೆ ಒಂದು ನಕ್ಷತ್ರ ಜಾಸ್ತಿ. ಹಾಗಾಗಿ 38 ನಕ್ಷತ್ರ ಇದ್ದರೆ 1877–1890ರ ಕಾಲ. 45 ಇದ್ದರೆ 1896–1908. ಆದರೆ 13 ನಕ್ಷತ್ರ ಕಂಡರೆ ದೇಶ ಹುಟ್ಟಿದ ಕಾಲದ್ದೆಂದು ತಕ್ಷಣ ನಂಬಬೇಡಿ. 1876ರ ಸ್ವಾತಂತ್ರ್ಯ ಶತಮಾನೋತ್ಸವಕ್ಕೂ 13 ನಕ್ಷತ್ರದವನ್ನು ಮಾಡಿದ್ದರು.

ನನಗೆ ತುಂಬಾ ಇಷ್ಟದ್ದು 42ರ ಬಾವುಟ. 1889ರ ನವೆಂಬರ್‌ನಲ್ಲಿ ಉತ್ತರ ಡಕೋಟಾ, ದಕ್ಷಿಣ ಡಕೋಟಾ, ಮೊಂಟಾನಾ, ವಾಷಿಂಗ್ಟನ್ ಒಂದರ ಹಿಂದೆ ಒಂದು ಸೇರಿದವು. ತಯಾರಕರು 42 ನಕ್ಷತ್ರ ಹಾಕಿ ಅಚ್ಚು ಹೊಡೆದರು. 1890ರ ಜುಲೈ 3ರಂದು ಐಡಾಹೊ ಕೂಡ ಸೇರಿತು! ಮರುದಿನ ಲೆಕ್ಕ 43 ಆಯಿತು. 42ರ ಬಾವುಟ ಒಂದು ದಿನವೂ ಅಧಿಕೃತವಾಗಲಿಲ್ಲ.

ಆಮೇಲೆ ಜೋಡಣೆ ನೋಡಿ. 1912ರಲ್ಲಿ ಅಧ್ಯಕ್ಷ ಟಾಫ್ಟ್ ಆದೇಶ ಹೊರಡಿಸುವ ತನಕ ನಕ್ಷತ್ರ ಹೀಗೇ ಇಡಬೇಕೆಂಬ ನಿಯಮ ಇರಲಿಲ್ಲ. ಚುಕ್ಕಿ ರಂಗೋಲಿ ಹಾಕಿದ ಹಾಗೆ ವೃತ್ತದೊಳಗೆ ವೃತ್ತ, ಚಿಕ್ಕ ನಕ್ಷತ್ರಗಳೇ ಸೇರಿ ಒಂದು ದೊಡ್ಡ ನಕ್ಷತ್ರ, ಎಲ್ಲವೂ ಸಿಗುತ್ತವೆ. ಇಂಥವಕ್ಕೆ ಬೆಲೆ ಜಾಸ್ತಿ. ಹೊಸಬರು 1912–1959ರ 48 ನಕ್ಷತ್ರದವುಗಳಿಂದ ಶುರು ಮಾಡಿ. ಅವು ಬೇಕಾದಷ್ಟಿವೆ, ಅಗ್ಗವೂ ಹೌದು.

ನಕಲಿಯೂ ಇದೆ. ಹೊಸ ಬಟ್ಟೆಯನ್ನು ಕಾಫಿಯಲ್ಲೋ ಟೀಯಲ್ಲೋ ಅದ್ದಿ ಹಳತು ಮಾಡುತ್ತಾರೆ. ಎಲ್ಲ ಕಡೆ ಒಂದೇ ಸಮ ಕಂದು ಬಣ್ಣ ಇದ್ದರೆ ಅನುಮಾನಪಡಿ. ಕತ್ತಲಲ್ಲಿ ನೋಟು ಪರೀಕ್ಷಿಸುವ ಯುವಿ ಲೈಟ್ ಹಿಡಿಯಿರಿ. ಬಿಳಿ ಭಾಗ ನೀಲಿಯಾಗಿ ಹೊಳೆದರೆ ಈಚಿನ ಬಟ್ಟೆಯಿರಬಹುದು, ಇಲ್ಲವೇ ಯಾರೋ ಈಗಿನ ಡಿಟರ್ಜೆಂಟ್‌ನಲ್ಲಿ ಒಗೆದಿರಬಹುದು. ಕಡ್ಡಿಗೆ ಹೊಡೆದ ಮೊಳೆಯ ತೂತು, ಅದರ ಸುತ್ತ ತುಕ್ಕಿನ ಕಲೆ ಇದ್ದರೆ ಒಳ್ಳೆಯ ಗುರುತು.

ತಂದ ಮೇಲೆ ದಯವಿಟ್ಟು ಒಗೆಯಬೇಡಿ, ಇಸ್ತ್ರಿಯೂ ಬೇಡ. ಕೆಂಪು ಬಣ್ಣ ಬಿಳಿಗೆ ಹರಿದರೆ ಮತ್ತೆ ಸರಿಯಾಗದು. ಅಂಟು, ಟೇಪ್ ಕೂಡ ಸೋಕಿಸಬೇಡಿ. ಆಮ್ಲ ಇಲ್ಲದ ರಟ್ಟಿನ ಮೇಲೆ ಹತ್ತಿ ಬಟ್ಟೆ ಹಾಸಿ, ಬಾವುಟವನ್ನು ಅದಕ್ಕೆ ಸಣ್ಣ ಹೊಲಿಗೆಯಲ್ಲಿ ನಿಲ್ಲಿಸಬೇಕು. ಚೌಕಟ್ಟಿಗೆ ಗಾಜಿನ ಬದಲು ಯುವಿ ತಡೆಯುವ ಅಕ್ರಿಲಿಕ್ ಹಾಳೆ ಹಾಕಿಸಿ, ಅದು ಬಾವುಟಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿಸಿ. ಬಿಸಿಲು ಬೀಳದ ಗೋಡೆಗೆ ಹಾಕಿ. ಮಾರಿದವರು ಅದು ಯಾವ ಮನೆಯದು, ಯಾವ ಪೆಟ್ಟಿಗೆಯಲ್ಲಿತ್ತು ಎಂದು ಹೇಳಿದ್ದರೆ ಅವತ್ತೇ ಬರೆದು ಚೌಕಟ್ಟಿನ ಹಿಂದೆ ಇಡಿ.