ಕೊರಳಿನ ಚಾಕು: ಐದನೆಯದಕ್ಕೆ ಹದ ಸಿಕ್ಕಿತು

"ಕೊರಳಾಗ ಲಿಂಗ ಇರಬೇಕೋ ತಮ್ಮಾ, ಚಾಕು ಯಾಕ?" ಬೀದರ್‌ನಲ್ಲಿ ನಮ್ಮ ವೆಲ್ಡಿಂಗ್ ಅಂಗಡಿ ಪಕ್ಕದ ಕುಲುಮೆ ಕಾಕಾ ಹೀಗೆ ನಕ್ಕಿದ್ದರು. ನಾನೇ ಮಾಡಿದ ಆ ಪುಟ್ಟ ಚಾಕು ಒರೆ ಸಮೇತ ದಾರಕ್ಕೆ ನೇತಾಡುತ್ತ, ಈಗ ಎಂಟು ತಿಂಗಳಿಂದ ನನ್ನ ಕೊರಳಲ್ಲಿದೆ.

ನನಗೆ ಬೇಕಿದ್ದದ್ದು ಇಷ್ಟೇ. ಬಗ್ಗಿದಾಗ ಜೇಬಿನಿಂದ ಬೀಳಬಾರದು, ಒಂದೇ ಕೈಗೆ ಸಿಗಬೇಕು. ಅಲಗು ಎರಡೂವರೆ ಇಂಚು, ಹಿಡಿ ಮೂರು ಬೆರಳಿಗೆ ಆದರೆ ಸಾಕು.

ಮೊದಲನೆಯದನ್ನು ಲಾರಿಯ ಕಮಾನು ಪಟ್ಟಿಯಲ್ಲಿ ಮಾಡಿದೆ. ದಪ್ಪ ಇಳಿಸುವಷ್ಟರಲ್ಲಿ ನಾಲ್ಕು ಗ್ರೈಂಡಿಂಗ್ ಡಿಸ್ಕ್ ಮುಗಿದವು. ಆದರೂ ಬೈಕ್ ಮೇಲೆ ಹೋಗುವಾಗ ಎದೆಗೆ ಬಡಿಯುತ್ತಿತ್ತು. ಎರಡನೆಯದಕ್ಕೆ ಪವರ್ ಹ್ಯಾಕ್ಸಾ ಬ್ಲೇಡು. ತೂತು ಕೊರೆಯಲು ಹೋಗಿ ಮೂರು ಡ್ರಿಲ್ ಬಿಟ್ ಮುರಿದವು. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟರೂ ಮೆತ್ತಗಾಗಲಿಲ್ಲ. ಹೈಸ್ಪೀಡ್ ಉಕ್ಕು ಅದು, ನಮ್ಮ ಇದ್ದಲಿಗೆ ಜಗ್ಗಲ್ಲ.

ಆಮೇಲೆ ಗುಜರಿಯಿಂದ ಹಳೇ ಅರ (ಕಬ್ಬಿಣ ಉಜ್ಜೋ ಫೈಲು) ತಂದೆ. ಒಂದಕ್ಕೆ 40-50 ರೂಪಾಯಿ ಇರಬೇಕು. ಮೂರನೆಯದನ್ನು ಗಟ್ಟಿಯಾಗಲಿ ಅಂತ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. 'ಟಿಣ್' ಅಂತು. ಆ ಸದ್ದು ಕೇಳಿದವರಿಗೆ ಗೊತ್ತು, ಅಲಗು ಬಿರುಕು ಬಿಟ್ಟಿತು ಅಂತ; ಹೊರಗೆ ತೆಗೆದು ನೋಡೋದೇ ಬೇಡ. ನಾಲ್ಕನೆಯದನ್ನು ಎಣ್ಣೆಗೆ ಇಳಿಸಿದೆ. ಆದರೆ ಚಂದ ಕಾಣಲಿ ಅಂತ ಅರದ ಹಲ್ಲನ್ನು ಹಾಗೇ ಬಿಟ್ಟಿದ್ದೆ. ಬಿರುಕು ಆ ಹಲ್ಲಿನ ಗೆರೆ ಹಿಡಿದೇ ಓಡಿತ್ತು. ಅಷ್ಟರಲ್ಲಿ 2,000 ರೂಪಾಯಿ ಮೇಲೆ ಕೈಬಿಟ್ಟಿತ್ತು. ಮನೆಯಲ್ಲಿ 800 ಅಂತ ಹೇಳಿದ್ದೇನೆ.

ಐದನೆಯದಕ್ಕೆ ಹಲ್ಲನ್ನೆಲ್ಲ ಪೂರ್ತಿ ತೇದೆ. ಅಯಸ್ಕಾಂತ ಹಿಡಿಯೋದು ಬಿಟ್ಟ ಮೇಲೆ ಇನ್ನೊಂಚೂರು ಕಾಯಿಸಿ, ಬೆಚ್ಚಗಿನ ಎಣ್ಣೆಗೆ ನೆಟ್ಟಗೆ ಇಳಿಸಿದೆ. ಯಾವ ಎಣ್ಣೆ ಅನ್ನೋದು ನನ್ನ ಹತ್ರಾನೇ ಇರಲಿ. ಗಾಜಿನಂತೆ ಒಡೆಯದಿರಲಿ ಅಂತ ಕೂಡಲೇ ಮನೆಯ ಓವನ್‌ಗೆ ಹಾಕಿದೆ. ಸುಮಾರು 200 ಡಿಗ್ರಿ, ಎರಡೆರಡು ತಾಸು, ಎರಡು ಸಲ. ಒಣ ಕಣಿಕೆಯ ಬಣ್ಣ ಬಂತು. ಬಂದ ಕೂಡಲೇ ಒಬ್ಬನೇ ಕುಣಿದೆ, ಸುಳ್ಳೇಕೆ ಹೇಳಲಿ.

ನಡುವೆ ಒಂದು ಹುಚ್ಚು. ಬಿದರಿ ಕೆಲಸದವರು ಕೋಟೆಯ ಮಣ್ಣು, ನವಸಾಗರ ಸೇರಿಸಿ ಸಾಮಾನು ಕಪ್ಪು ಮಾಡ್ತಾರಲ್ಲ, ಅಲಗೂ ಹಾಗೇ ಆಗಲಿ ಅಂತ ಅದರಲ್ಲಿ ಅದ್ದಿದೆ. ಅವರದು ಸತು, ನನ್ನದು ಉಕ್ಕು. ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು! ಅದನ್ನು ಉಜ್ಜಿ ತೆಗೆದು ಹುಣಸೆ ರಸದಲ್ಲಿ ಒಂದು ತಾಸು ಇಟ್ಟೆ. ಬೂದು ಬಣ್ಣ ಕೂತಿತು.

ಒರೆಯದೇ ದೊಡ್ಡ ತಲೆನೋವು. ಚರ್ಮದ್ದು ಮಾಡಿದರೆ ನಮ್ಮ ಬಿಸಿಲಿನ ಬೆವರು ಕುಡಿದು ನಾರುತ್ತಿತ್ತು, ಅಲಗಿಗೂ ತುಕ್ಕು. ಕೊನೆಗೆ ಪಿವಿಸಿ ಪೈಪಿನ ತುಂಡು ಸೀಳಿ, ಬಾಣಲೆಯ ಬಿಸಿ ಮರಳಲ್ಲಿ ಮೆತ್ತಗೆ ಮಾಡಿ, ಚಾಕುವಿನ ಸುತ್ತ ಒತ್ತಿದೆ. ಬಿಸಿ ಜಾಸ್ತಿಯಾದರೆ ಹೊಗೆ ಬರುತ್ತೆ, ಬಯಲಲ್ಲೇ ಮಾಡಿ. ತಲೆಕೆಳಗಾಗಿ ನೇತಾಡೋ ಚಾಕು ಎರಡು ಸಲ ಜಾರಿ ಪಾದದ ಪಕ್ಕ ಬಿತ್ತು. ಈಗ 'ಟಕ್' ಅಂತ ಕೂರುತ್ತೆ. ಆ 'ಟಕ್' ಹೇಗೆ ಬರಿಸಿದೆ ಅಂತ ಕೇಳಬೇಡಿ. ದಾರ ಮಾತ್ರ ನೈಲಾನ್ ಬೇಡ. ರಾಶಿ ಯಂತ್ರಕ್ಕೆ ಸಿಕ್ಕರೆ ಕತ್ತೇ ಹೋಗುತ್ತೆ. ನನ್ನದು ಜೋರಾಗಿ ಎಳೆದರೆ ಹರಿಯೋ ತೆಳು ನೂಲು.

ತೊಗರಿ ಸುಗ್ಗಿಯಲ್ಲಿ ಇನ್ನೂರರ ಹತ್ತಿರ ಚೀಲದ ಸುತಳಿ ಕೊಯ್ದೆ, ನಡುವೆ ಒಂದೇ ಸಲ ಸಾಣೆ ಹಿಡಿದೆ. ಅಲ್ಲೇ ಮೂರು ಜನ ತಮಗೂ ಬೇಕು ಅಂದರು, ಅಂಥದೇ ಮಾಡಿ 450ಕ್ಕೆ ಒಂದರಂತೆ ಕೊಟ್ಟೆ.

ಹೋದ ತಿಂಗಳು ಕಾಕಾನೂ ಒಂದು ಒಯ್ದರು. ಕೊರಳಿಗೆ ಹಾಕಿಲ್ಲ, ಕುಲುಮೆಯ ಗೂಟಕ್ಕೆ ತೂಗು ಹಾಕಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ.